ಅರಿತು ಹಾಡುವ ವಿದ್ಯೆ

ಭಾನುವಾರದ ಬಲಿಪೂಜೆಯಲ್ಲಿ ನಿಮ್ಮ ಧರ್ಮಕೇಂದ್ರದ ಗಾನವೃಂದ ಹಾಡುವಾಗ ಒಂದು ವಿಷಯವನ್ನು ನೀವು ಗಮನಿಸಿರಬಹುದು. ಹಾಡುವವರಲ್ಲಿ ಹೆಚ್ಚಿನವರು ಹಿರಿಯರ ಬಾಯಿಂದ ಕೇಳಿ ಕೇಳಿ ಕಲಿತವರು. ಅವರ ಕಂಠ ಇಂಪಾದುದು, ಭಕ್ತಿ ನಿಜವಾದುದು. ಆದರೆ ಹೊಸ ಹಾಡೊಂದರ ಸ್ವರಲಿಪಿಯನ್ನು ಮುಂದಿಟ್ಟರೆ ಅವರಲ್ಲಿ ಬಹುಮಂದಿ ಮೌನವಾಗುತ್ತಾರೆ. ಯಾರಾದರೂ ಒಮ್ಮೆ ಹಾಡಿ ತೋರಿಸುವವರೆಗೆ ಆ ಹಾಳೆ ಅವರ ಪಾಲಿಗೆ ಮೂಕವೇ. ನಮ್ಮ ನಾಡಿನ ಸಂಗೀತ ವಿದ್ವಾಂಸರು ಹಾಡುವ ಬಗೆಯನ್ನು ‘ಲಕ್ಷ್ಯ’ವೆಂದೂ ಅದರ ಶಾಸ್ತ್ರವನ್ನು ‘ಲಕ್ಷಣ’ವೆಂದೂ ಕರೆದರು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೆಯ ಅಧ್ಯಾಯದಲ್ಲಿ ಪ್ರಾರ್ಥನೆಯಲ್ಲೂ ಗಾನದಲ್ಲೂ ಆತ್ಮಕ್ಕಿರುವಂತೆ ಬುದ್ಧಿಗೂ ಪಾಲಿರಬೇಕೆಂದು ಬೋಧಿಸಿದರು. ಈ ಎರಡನ್ನು ಒಂದೆಡೆ ತರಲು ಧರ್ಮಸಭೆಯ ಮಠಗಳೂ ವಿಶ್ವವಿದ್ಯಾನಿಲಯಗಳೂ ಶತಮಾನಗಳ ಕಾಲ ಶ್ರಮಿಸಿದವು. ಸಂಗೀತವನ್ನು ವಿಶ್ವವಿದ್ಯಾನಿಲಯದಲ್ಲಿ ಓದಬೇಕೆಂದು ಮಗನೋ ಮಗಳೋ ಕೇಳಿದಾಗ, ಅದೂ ಒಂದು ಓದೇ ಎಂದು ಅನುಮಾನಿಸುವ ಮನೆಗಳು ನಮ್ಮಲ್ಲಿವೆ. ಅಂತಹ ಮನೆಗಳವರು ಈ ಚರಿತ್ರೆಯನ್ನು ತಿಳಿಯುವುದು ಒಳ್ಳೆಯದು.

ಕ್ರಿ.ಶ. 387ರಲ್ಲಿ ಮಿಲಾನ್ ನಗರದಲ್ಲಿ ಸಂತ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದ ಅಗಸ್ಟೀನರು ಅಲ್ಲಿನ ದೇವಾಲಯದ ಹಾಡುಗಳನ್ನು ಕೇಳಿ ಕಣ್ಣೀರಿಟ್ಟರೆಂಬುದು ನಮಗೆಲ್ಲ ತಿಳಿದಿದೆ. ಅದೇ ಕಾಲದಲ್ಲಿ ಅವರು ಸಂಗೀತವನ್ನು ಕುರಿತು ಆರು ಭಾಗಗಳ ಗ್ರಂಥವೊಂದನ್ನು ಆರಂಭಿಸಿದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅದರಲ್ಲಿ ಅವರು ಒಂದು ಸರಳವಾದ ಪ್ರಶ್ನೆ ಎತ್ತುತ್ತಾರೆ. ವಸಂತಕಾಲದಲ್ಲಿ ನೈಟಿಂಗೇಲ್ ಪಕ್ಷಿ ಬಹಳ ಚೆನ್ನಾಗಿ ಹಾಡುತ್ತದೆ. ಹಾಗಾದರೆ ಅದು ಸಂಗೀತಶಾಸ್ತ್ರವನ್ನು ಬಲ್ಲುದೇ? ಇಲ್ಲ ಎಂಬುದೇ ಉತ್ತರ. ಹಾಡು ಸ್ವಭಾವದಿಂದಲೂ ಅನುಕರಣೆಯಿಂದಲೂ ಬರಬಹುದು. ಶಾಸ್ತ್ರವು ಬುದ್ಧಿಯಿಂದ ಮಾತ್ರ ಬರುತ್ತದೆ.

ಸುಮಾರು ನೂರು ವರ್ಷಗಳ ಬಳಿಕ ರೋಮಿನ ಪಂಡಿತ ಬೊಯೆಥಿಯಸ್ ಈ ವಿಚಾರವನ್ನು ಇನ್ನೂ ಬಿರುಸಾಗಿ ಹೇಳಿದನು. ವಾದ್ಯ ನುಡಿಸುವವನು, ಹಾಡು ಕಟ್ಟುವವನು, ಸಂಗೀತವನ್ನು ವಿವೇಚಿಸಿ ತೂಗುವವನು ಎಂಬ ಮೂವರಲ್ಲಿ ಮೂರನೆಯವನೇ ನಿಜವಾದ ಸಂಗೀತಜ್ಞನೆಂದು ಅವನ ತೀರ್ಮಾನ. ಅವನ ಗ್ರಂಥವು ಮುಂದೆ ಸಾವಿರ ವರ್ಷ ಯುರೋಪಿನ ಪಠ್ಯಪುಸ್ತಕವಾಗಿ ಉಳಿಯಿತು. ಗಣಿತ, ರೇಖಾಗಣಿತ, ಖಗೋಳಶಾಸ್ತ್ರಗಳ ಜೊತೆಗೆ ಸಂಗೀತವೂ ಸಂಖ್ಯೆಯ ನಾಲ್ಕು ವಿದ್ಯೆಗಳಲ್ಲಿ ಒಂದಾಯಿತು.

ಸಂಗೀತಕ್ಕೂ ಸಂಖ್ಯೆಗೂ ಏನು ನಂಟು ಎಂದು ನೀವು ಕೇಳಬಹುದು. ಮನೆಯಲ್ಲಿ ವೀಣೆ ಇದ್ದರೆ ಪರೀಕ್ಷಿಸಿ ನೋಡಿ. ಪೂರ್ತಿ ತಂತಿಯನ್ನು ಮೀಟಿದಾಗ ಬರುವ ಸ್ವರವನ್ನು ಷಡ್ಜವೆಂದು ಇಟ್ಟುಕೊಳ್ಳಿ. ತಂತಿಯ ಅರ್ಧಭಾಗ ಮಾತ್ರ ನುಡಿಯುವಂತೆ ಒತ್ತಿದರೆ ಮೇಲಿನ ಷಡ್ಜ ಕೇಳಿಸುತ್ತದೆ. ಮೂರರಲ್ಲಿ ಎರಡು ಭಾಗ ನುಡಿದರೆ ಪಂಚಮ. ನಾಲ್ಕರಲ್ಲಿ ಮೂರು ಭಾಗ ನುಡಿದರೆ ಶುದ್ಧ ಮಧ್ಯಮ. ಕಿವಿಗೆ ಇಂಪೆನಿಸುವ ಸ್ವರಗಳ ಹಿಂದೆ ಇಷ್ಟು ಸರಳವಾದ ಅಳತೆಗಳಿರುವುದನ್ನು ಕಂಡು, ಸೃಷ್ಟಿಯನ್ನೇ ಅಳೆದು ತೂಗಿ ನಿರ್ಮಿಸಿದ ದೇವರ ಕೈ ಇಲ್ಲಿದೆ ಎಂದು ಆ ಕಾಲದವರು ನಂಬಿದರು. ಆದುದರಿಂದಲೇ ದೈವಶಾಸ್ತ್ರ ಕಲಿಯುವ ಮುನ್ನ ಸಂಗೀತಶಾಸ್ತ್ರವನ್ನು ಕಲಿಯುವುದು ಅವರಿಗೆ ವಿಚಿತ್ರವೆನಿಸಲಿಲ್ಲ.

ಆದರೆ ಈ ಶಾಸ್ತ್ರದಿಂದ ಹಾಡುವವನಿಗೆ ಏನು ದೊರಕಿತು? ಬಹುಕಾಲ ಏನೂ ದೊರಕಲಿಲ್ಲ. ಏಳನೆಯ ಶತಮಾನದ ಆರಂಭದಲ್ಲಿ ಸೆವಿಲ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಇಸಿದೋರರು, ನಾದವನ್ನು ಬರೆದಿಡಲಾಗದು, ನೆನಪಿನಲ್ಲಿ ಹಿಡಿದಿಡದಿದ್ದರೆ ಅದು ನಾಶವಾಗುತ್ತದೆ ಎಂದು ತಿಳಿಸಿದ್ದಾರೆ. ಮಠಗಳಲ್ಲಿ ವರ್ಷವಿಡೀ ಹಾಡಬೇಕಾದ ಗೀತೆಗಳು ನೂರಾರು. ಅವೆಲ್ಲವನ್ನೂ ಬಾಲಕರು ಗುರುವಿನ ಬಾಯಿಂದ ಕೇಳಿ ಕಂಠಪಾಠ ಮಾಡಬೇಕಿತ್ತು. ಮುಂದೆ ಪದಗಳ ಮೇಲೆ ಸಣ್ಣ ಗುರುತುಗಳನ್ನು ಬರೆಯುವ ರೂಢಿ ಬಂದಿತಾದರೂ ಅವು ಗೊತ್ತಿದ್ದ ಹಾಡನ್ನು ನೆನಪಿಸುತ್ತಿದ್ದವೇ ಹೊರತು ಗೊತ್ತಿಲ್ಲದ ಹಾಡನ್ನು ಕಲಿಸುತ್ತಿರಲಿಲ್ಲ.

ಈ ಗೋಡೆಯನ್ನು ಒಡೆದವರು ಇಟಲಿಯ ಪೊಂಪೋಸ ಮಠದ ಸನ್ಯಾಸಿ ಗ್ವಿದೋ. ಹನ್ನೊಂದನೆಯ ಶತಮಾನದ ಮೊದಲ ದಶಕಗಳಲ್ಲಿ ಅವರು ಗೀತೆಗಳ ಪುಸ್ತಕದಲ್ಲಿ ಸಾಲುಗೆರೆಗಳನ್ನು ಎಳೆದು, ಒಂದು ಗೆರೆಗೆ ಕೆಂಪು, ಇನ್ನೊಂದಕ್ಕೆ ಹಳದಿ ಬಣ್ಣ ಕೊಟ್ಟು, ಪ್ರತಿಯೊಂದು ಸ್ವರಕ್ಕೂ ಅದರದೇ ಸ್ಥಾನವನ್ನು ನಿಗದಿಪಡಿಸಿದರು. ಸ್ನಾನಿಕ ಯೊವಾನ್ನರ ಹಬ್ಬದ ಲತೀನ್ ಸ್ತುತಿಗೀತೆಯೊಂದರ ಮೊದಲ ಆರು ಪಾದಗಳು ಒಂದಕ್ಕಿಂತ ಒಂದು ಏರಿದ ಸ್ವರದಿಂದ ಆರಂಭವಾಗುವಂತೆ ಹಾಡಿಸಿ, ಆ ಪಾದಗಳ ಮೊದಲ ಅಕ್ಷರಗಳಾದ ಉತ್, ರೆ, ಮಿ, ಫಾ, ಸೊಲ್, ಲಾ ಎಂಬುವನ್ನೇ ಸ್ವರಗಳ ಹೆಸರುಗಳನ್ನಾಗಿ ಕಲಿಸಿದರು. ‘ಉತ್’ ಎಂಬುದು ಮುಂದೆ ‘ದೊ’ ಆಯಿತು. ಸರಳೆ ವರಸೆ ಕಲಿತ ನಮ್ಮ ಮಕ್ಕಳಿಗೆ ಸರಿಗಮ ಹೇಗೋ, ಅಲ್ಲಿನ ಮಕ್ಕಳಿಗೆ ಇದು ಹಾಗೆ.

ಈ ವಿದ್ಯೆಗೆ ಮಠದಲ್ಲಿ ದೊರೆತ ಪ್ರತಿಫಲ ಅಸೂಯೆ. ಸಹೋದರ ಸನ್ಯಾಸಿಗಳ ವಿರೋಧದಿಂದ ಗ್ವಿದೋ ಪೊಂಪೋಸವನ್ನು ಬಿಟ್ಟು, ಅರೆಟ್ಸೋ ನಗರದ ಧರ್ಮಾಧ್ಯಕ್ಷರ ಆಶ್ರಯದಲ್ಲಿ ಬಾಲಕರಿಗೆ ಹಾಡು ಕಲಿಸತೊಡಗಿದರು. ಸುದ್ದಿ ಕೇಳಿದ ಜಗದ್ಗುರು ಹತ್ತೊಂಬತ್ತನೆಯ ಜಾನ್ ಅವರನ್ನು ರೋಮಿಗೆ ಕರೆಸಿಕೊಂಡರು. ಜಗದ್ಗುರುಗಳು ಆ ಪುಸ್ತಕದ ಹಾಳೆಗಳನ್ನು ಬೆರಗಿನಿಂದ ತಿರುವಿದರೆಂದೂ, ತಾವು ಎಂದೂ ಕೇಳಿರದ ಒಂದು ಚರಣವನ್ನು ತಾವೇ ಓದಿ ಹಾಡುವವರೆಗೆ ಕುಳಿತಲ್ಲಿಂದ ಏಳಲಿಲ್ಲವೆಂದೂ ಗ್ವಿದೋ ತಮ್ಮ ಮಿತ್ರ ಮೈಕೆಲ್ ಎಂಬ ಸನ್ಯಾಸಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಹತ್ತು ವರ್ಷ ಕಲಿತರೂ ಅರೆಬರೆಯಾಗಿ ಉಳಿಯುತ್ತಿದ್ದ ವಿದ್ಯೆ ಇನ್ನು ಒಂದು, ಹೆಚ್ಚೆಂದರೆ ಎರಡು ವರ್ಷಗಳಲ್ಲಿ ಕೈಗೂಡುವುದೆಂಬುದು ಅವರ ಭರವಸೆ. ಅದಕ್ಕೆ ಬದಲಾಗಿ ಅವರು ನಿರೀಕ್ಷಿಸಿದ್ದು ಮುಂದಿನವರ ಪ್ರಾರ್ಥನೆಯನ್ನು ಮಾತ್ರ. ತಿಳಿಯದೆ ಹಾಡುವವನನ್ನು ಪಶುವಿಗೆ ಹೋಲಿಸುವಷ್ಟು ಕಟುವಾಗಿಯೂ ಅವರು ಬರೆದದ್ದುಂಟು. ಆದರೆ ಬೊಯೆಥಿಯಸ್‌ನಂತೆ ಅಷ್ಟಕ್ಕೇ ನಿಲ್ಲದೆ, ಹಾಡುವ ಬಾಲಕನ ಕೈಗೇ ಶಾಸ್ತ್ರವನ್ನು ಇತ್ತರು. ಅದೇ ಅವರ ಹಿರಿಮೆ.

ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು ಇದರ ನಂತರ. 1200ರ ಸುಮಾರಿಗೆ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಬೊಯೆಥಿಯಸ್‌ನ ಸಂಖ್ಯೆಗಳನ್ನು ಕಲಿಯುತ್ತಿದ್ದಾಗ, ಅದೇ ನಗರದ ನೋತ್ರ್ ದಾಮ್ ಪ್ರಧಾನಾಲಯದಲ್ಲಿ ಹಲವು ಕಂಠಗಳು ಬೇರೆ ಬೇರೆ ಸ್ವರಗಳಲ್ಲಿ ಏಕಕಾಲಕ್ಕೆ ಹಾಡುವ ಹೊಸ ಕಲೆ ಅರಳುತ್ತಿತ್ತು. ಪಾಠದ ಕೋಣೆಗೂ ಗಾನವೃಂದಕ್ಕೂ ನಡುವೆ ಕೆಲವೇ ಹೆಜ್ಜೆಗಳ ದೂರ. ಆದರೂ ಅವು ಎರಡು ಲೋಕಗಳು. ಆ ಗೀತೆಗಳನ್ನು ರಚಿಸಿದ ಲೆಯೊನಿನ್ ಮತ್ತು ಪೆರೊಟಿನ್ ಎಂಬ ಹೆಸರುಗಳು ಇಂದು ನಮಗೆ ತಿಳಿದಿರುವುದು, ಪ್ಯಾರಿಸ್ಸಿನಲ್ಲಿ ಓದಿದ್ದ ಇಂಗ್ಲೆಂಡಿನ ವಿದ್ಯಾರ್ಥಿಯೆಂದು ನಂಬಲಾದ ಒಬ್ಬಾತನು ಹದಿಮೂರನೆಯ ಶತಮಾನದಲ್ಲಿ ಬರೆದಿಟ್ಟ ಟಿಪ್ಪಣಿಯಿಂದ. ಅವನ ಸ್ವಂತ ಹೆಸರು ಮಾತ್ರ ಉಳಿದಿಲ್ಲ.

ಆ ಎರಡು ಲೋಕಗಳು ಒಂದೇ ಕೋಣೆಯಲ್ಲಿ ಕೂಡಿದ್ದನ್ನು ನೋಡಬೇಕಾದರೆ ಸ್ಪೇನಿನ ಸಲಮಾಂಕಕ್ಕೆ ಹೋಗಬೇಕು. 1254ರಲ್ಲಿ ರಾಜ ಹತ್ತನೆಯ ಅಲ್ಫೋನ್ಸೊ ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ ಶಾಸನದಲ್ಲಿ ಕಾನೂನು, ವೈದ್ಯಶಾಸ್ತ್ರಗಳ ಅಧ್ಯಾಪಕರ ಜೊತೆಗೆ ಸಂಗೀತದ ಅಧ್ಯಾಪಕನಿಗೂ ವೇತನ ಗೊತ್ತುಮಾಡಿದನು. ಹದಿನಾರನೆಯ ಶತಮಾನದಲ್ಲಿ ಆ ವಿಶ್ವವಿದ್ಯಾನಿಲಯದ ವಿಧಿ ಹೀಗಿತ್ತು: ಸಂಗೀತದ ಪ್ರಾಧ್ಯಾಪಕನು ತನ್ನ ಪಾಠದ ವೇಳೆಯಲ್ಲಿ ಒಂದು ಭಾಗ ಶಾಸ್ತ್ರವನ್ನು ಬೋಧಿಸಬೇಕು, ಇನ್ನೊಂದು ಭಾಗ ವಿದ್ಯಾರ್ಥಿಗಳಿಂದ ಹಾಡಿಸಬೇಕು. ಮಾರ್ಚ್ ತಿಂಗಳವರೆಗೆ ಸರಳ ದೇವಾಲಯಗಾನ, ಅಲ್ಲಿಂದ ಸ್ನಾನಿಕ ಯೊವಾನ್ನರ ಹಬ್ಬದವರೆಗೆ ಬಹುಕಂಠಗಾನ, ಬಳಿಕ ರಜೆಯವರೆಗೆ ಒಂದು ರಾಗದೆದುರು ಇನ್ನೊಂದನ್ನು ಹೆಣೆಯುವ ಅಭ್ಯಾಸ.

1567ರಲ್ಲಿ ಈ ಪೀಠವನ್ನು ಏರಿದವರು ಕುರುಡರಾದ ಫ್ರಾನ್ಸಿಸ್ಕೊ ಸಾಲಿನಾಸ್. 1513ರಲ್ಲಿ ಬುರ್ಗೋಸ್ ನಗರದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡರು. ಕನ್ಯಾಸ್ತ್ರೀಯಾಗಲು ಬಯಸಿದ್ದ ಯುವತಿಯೊಬ್ಬಳು ಅವರಲ್ಲಿಗೆ ಬಂದು, ತನಗೆ ಲತೀನ್ ಭಾಷೆ ಬೇಕೆಂದು ಕೇಳಿದಳು. ಬಾಲಕ ಅವಳಿಗೆ ಲತೀನ್ ಕಲಿಸಿದ. ಅವಳು ಅವನಿಗೆ ಆರ್ಗನ್ ನುಡಿಸಲು ಕಲಿಸಿದಳು. ಈ ಸಂಗತಿಯನ್ನು ಸಾಲಿನಾಸರೇ ತಮ್ಮ ಗ್ರಂಥದ ಮುನ್ನುಡಿಯಲ್ಲಿ ಕೃತಜ್ಞತೆಯಿಂದ ನೆನೆದಿದ್ದಾರೆ. ಮುಂದೆ ಅವರು ಸಲಮಾಂಕದಲ್ಲಿ ಓದಿ, ಬಡತನದಿಂದ ಓದು ಬಿಟ್ಟು, 1538ರಲ್ಲಿ ಇಟಲಿಗೆ ಹೋಗಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಿದ್ದು ಪ್ರಾಚೀನ ಗ್ರೀಕರ ಸಂಗೀತಗ್ರಂಥಗಳನ್ನು ಅಭ್ಯಸಿಸಿದರು. ನೇಪಲ್ಸಿನಲ್ಲೂ, ತಾಯ್ನಾಡಿಗೆ ಮರಳಿದ ಮೇಲೆ ಲೆಯೊನ್ ನಗರದಲ್ಲೂ ಆರ್ಗನ್ ವಾದಕರಾಗಿದ್ದರು. 1577ರಲ್ಲಿ ಅವರು ಪ್ರಕಟಿಸಿದ ಏಳು ಭಾಗಗಳ ಗ್ರಂಥದಲ್ಲಿ ಸ್ವರಗಳ ಸೂಕ್ಷ್ಮ ಗಣಿತವಿದೆ. ಅದರ ಜೊತೆಗೆ, ಛಂದಸ್ಸಿಗೆ ಉದಾಹರಣೆಯಾಗಿ ಸ್ಪೇನಿನ ಜನಸಾಮಾನ್ಯರು ಹಾಡುತ್ತಿದ್ದ ಹಾಡುಗಳೂ ಇವೆ. ಮಹಾಪಂಡಿತನು ತನ್ನ ಗ್ರಂಥದಲ್ಲಿ ಹಳ್ಳಿಗರ ಹಾಡಿಗೆ ಜಾಗ ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಅದೇ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಅಗಸ್ಟೀನ್ ಸಭೆಯ ಗುರುಗಳೂ ಆಗಿದ್ದ ಕವಿ ಲೂಯಿಸ್ ದೆ ಲೆಯೊನ್ ಅವರ ನಾದವನ್ನು ಕೊಂಡಾಡಿ ಕವಿತೆ ಬರೆದರು.

ಸಂಗೀತದ ಓದು ಬೆಳೆದ ಇನ್ನೊಂದು ನೆಲೆಯೂ ಉಂಟು, ಅದು ಅನಾಥಾಲಯ. ಪಾಶ್ಚಾತ್ಯ ಸಂಗೀತದ ಉನ್ನತ ಶಾಲೆಗಳನ್ನು ಇಂದಿಗೂ ‘ಕನ್ಸರ್ವೇಟರಿ’ ಎಂದು ಕರೆಯುತ್ತಾರೆ. ಕಾಪಾಡುವ ಮನೆ ಎಂಬುದೇ ಆ ಪದದ ಮೂಲಾರ್ಥ. ಹದಿನಾರನೆಯ ಶತಮಾನದಲ್ಲಿ ನೇಪಲ್ಸ್ ನಗರದಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಆರಂಭವಾದ ಅಂತಹ ನಾಲ್ಕು ಮನೆಗಳು, ಮಕ್ಕಳಿಗೆ ಜೀವನೋಪಾಯವಾಗಲೆಂದು ಸಂಗೀತವನ್ನು ಕಲಿಸುತ್ತಾ ಯುರೋಪಿನ ಪ್ರಖ್ಯಾತ ಸಂಗೀತಶಾಲೆಗಳಾದವು. ವೆನಿಸ್ಸಿನ ಪಿಯೆತಾ ಅನಾಥಾಲಯದ ಹೆಣ್ಣುಮಕ್ಕಳಿಗೆ 1703ರಿಂದ ಪಿಟೀಲು ಕಲಿಸಿದವರು ಗುರುದೀಕ್ಷೆ ಪಡೆದಿದ್ದ ವಿವಾಲ್ಡಿ. 1795ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಗೀತಶಾಲೆಗೆ ಹೆಸರು ಬಂದದ್ದು ಈ ಅನಾಥಾಲಯಗಳಿಂದಲೇ.

ಇಂದು ವಿಶ್ವವಿದ್ಯಾನಿಲಯದಲ್ಲಿ ಪಾಶ್ಚಾತ್ಯ ಸಂಗೀತವನ್ನು ಓದುವ ವಿದ್ಯಾರ್ಥಿಯ ದಿನಚರಿಯನ್ನು ನೋಡಿ. ಸ್ವರಮೇಳದ ನಿಯಮಗಳು, ಸಂಗೀತದ ಚರಿತ್ರೆ, ರಚನೆಗಳ ವಿಶ್ಲೇಷಣೆ ಇವೆಲ್ಲ ಶಾಸ್ತ್ರದ ಭಾಗ. ಇವುಗಳೊಂದಿಗೆ ಕಿವಿಯ ಶಿಕ್ಷಣವೂ ನಡೆಯುತ್ತದೆ. ಅಧ್ಯಾಪಕರು ನುಡಿಸಿದ್ದನ್ನು ವಿದ್ಯಾರ್ಥಿ ಕೇಳಿ ಐದು ಗೆರೆಗಳ ಮೇಲೆ ಬರೆಯಬೇಕು. ಎಂದೂ ಕೇಳಿರದ ರಾಗವನ್ನು ಹಾಳೆ ನೋಡಿದೊಡನೆ ಹಾಡಬೇಕು. ಅಂದು ಜಗದ್ಗುರುಗಳು ಬರೆದ ಪರೀಕ್ಷೆ ಇದೇ ಅಲ್ಲವೇ? ಹಾಳೆಯನ್ನು ಕಿವಿಯಿಂದ ನೋಡುವುದು, ನಾದವನ್ನು ಕಣ್ಣಿನಿಂದ ಕೇಳುವುದು ಈ ಶಿಕ್ಷಣದ ಗುರಿ. ಇದು ಪ್ರತಿಭೆಯುಳ್ಳ ಕೆಲವರಿಗೆ ಮಾತ್ರ ಮೀಸಲಾದ ವರವಲ್ಲ, ದಿನನಿತ್ಯದ ಅಭ್ಯಾಸದಿಂದ ಬರುವ ವಿದ್ಯೆ.

ನಮ್ಮ ಕರಾವಳಿಗೂ ಈ ವಿದ್ಯೆ ಹೊಸದಲ್ಲ. ಪೋರ್ಚುಗೀಸರ ಕಾಲದ ಗೋವೆಯಲ್ಲಿ ಧರ್ಮಕೇಂದ್ರದ ಶಾಲೆಗಳಲ್ಲಿ ‘ಮೆಸ್ತ್ರೆ’ ಎಂಬ ಅಧ್ಯಾಪಕನು ಮಕ್ಕಳಿಗೆ ಸ್ವರಪಾಠ, ಪಿಟೀಲುಗಳನ್ನು ಕಲಿಸಿ, ದೇವಾಲಯದ ಗಾನವೃಂದವನ್ನೂ ನಡೆಸುತ್ತಿದ್ದನು. ನಮ್ಮ ಕರಾವಳಿಯ ಅನೇಕ ಕೊಂಕಣಿ ಕ್ರೈಸ್ತ ಕುಟುಂಬಗಳ ಪೂರ್ವಜರು ಬಂದದ್ದು ಆ ನಾಡಿನಿಂದಲೇ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಪ್ರಕಟಿಸಿದ ದೈವಾರಾಧನೆಯ ದಸ್ತಾವೇಜು, ಗುರುಮಠಗಳಲ್ಲೂ ಕಥೋಲಿಕ ಶಾಲೆಗಳಲ್ಲೂ ಸಂಗೀತದ ಬೋಧನೆ ಮತ್ತು ಅಭ್ಯಾಸ ಎರಡಕ್ಕೂ ಮಹತ್ವ ಕೊಡಬೇಕೆಂದು ವಿಧಿಸಿತು. ಆಯಾ ನಾಡಿನ ಸ್ವಂತ ಸಂಗೀತ ಪರಂಪರೆಗೆ ತಕ್ಕ ಗೌರವ ಸಲ್ಲಬೇಕೆಂದೂ ಹೇಳಿತು. ಆದುದರಿಂದ ನಮ್ಮ ಮಗುವೊಂದು ಕೀಬೋರ್ಡಿನ ಮುಂದೆ ಕುಳಿತು ಐದು ಗೆರೆಗಳನ್ನು ಓದಲು ಕಲಿತರೂ, ಶ್ರುತಿ ಹಿಡಿದು ಸರಳೆ ವರಸೆ ಕಲಿತರೂ ಅದು ಧರ್ಮಸಭೆಗೆ ಸಲ್ಲುವ ವಿದ್ಯೆಯೇ.

ನಿಮ್ಮ ಗಾನವೃಂದದಲ್ಲಿ ಐವತ್ತು ವರ್ಷಗಳಿಂದ ಕಿವಿಯಿಂದಲೇ ಹಾಡುತ್ತಾ ಬಂದ ಹಿರಿಯರಿದ್ದರೆ ಅವರನ್ನು ಕಡೆಗಣಿಸಬೇಡಿ; ಅವರ ನೆನಪು ಒಂದು ಗ್ರಂಥಭಂಡಾರ. ಅವರು ಬಲ್ಲ ಹಾಡುಗಳನ್ನು ಸ್ವರಲಿಪಿಯಲ್ಲಿ ಬರೆದಿಡಬಲ್ಲ ಒಬ್ಬ ಹುಡುಗನೋ ಹುಡುಗಿಯೋ ನಿಮ್ಮ ನಡುವೆ ಸಿದ್ಧವಾಗಲಿ. ಸಂಗೀತ ಓದಲು ಬಯಸುವ ಮಗುವಿಗೆ ವೆಚ್ಚದ ಲೆಕ್ಕ ಹೇಳುವ ಮುನ್ನ, ಧರ್ಮಕೇಂದ್ರವೇ ಆ ವೆಚ್ಚದಲ್ಲಿ ಪಾಲು ಹೊರಬಹುದೇ ಎಂದು ಯೋಚಿಸಿ. ನೇಪಲ್ಸಿನ ಅನಾಥ ಮಕ್ಕಳಿಗೆ ಯಾರೋ ಹಾಗೆ ಯೋಚಿಸಿದ್ದರು. ಮುಂದಿನ ಭಾನುವಾರ ಗಾನವೃಂದ ಏಳುವಾಗ, ತನಗಾಗಿ ಪ್ರಾರ್ಥನೆಯನ್ನಷ್ಟೇ ಬಯಸಿದ ಗ್ವಿದೋ ಅವರನ್ನೂ, ಕುರುಡ ಬಾಲಕನ ಬೆರಳುಗಳನ್ನು ಆರ್ಗನ್ನಿನ ಮೇಲಿರಿಸಿದ ಆ ಹೆಸರಿಲ್ಲದ ಯುವತಿಯನ್ನೂ ನಿಮ್ಮ ಪ್ರಾರ್ಥನೆಯಲ್ಲಿ ನೆನೆಯಿರಿ.