ಕೆಲಸದ ಜಾಗದಲ್ಲಿ ಮಾದಕವಸ್ತು ಪರೀಕ್ಷೆ: ಕಲ್ಯಾಣದಿಂದ ನವಿ ಮುಂಬಯಿವರೆಗೆ

ಕಲ್ಯಾಣ ಜಂಕ್ಷನ್ನಿನಲ್ಲಿ ಪಾಳಿಗೆ ಬರುವ ರೈಲು ಚಾಲಕ ಗಾಡಿ ಹತ್ತುವ ಮೊದಲು ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಬೇಕು. ಕೆಲವೇ ಸೆಕೆಂಡುಗಳ ಕೆಲಸ. ಅಮಲಿನಲ್ಲಿ ಕರ್ತವ್ಯಕ್ಕಿಳಿದು ಪ್ರಯಾಣಿಕರ ಪ್ರಾಣಕ್ಕೆ ಅಪಾಯ ತರುವ ನೌಕರನಿಗೆ 1989ರ ರೈಲ್ವೆ ಕಾಯ್ದೆಯ 172ನೇ ಕಲಮು ಒಂದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಈ ಮನುಷ್ಯ ಈಗ ಗಾಡಿ ಓಡಿಸಬಲ್ಲನೇ ಎಂಬುದಷ್ಟೇ ಅಲ್ಲಿಯ ಪ್ರಶ್ನೆ. ಮೂತ್ರ ಪರೀಕ್ಷೆ ಕೆದಕುವುದು ಅವನ ಹಿಂದಿನ ದಿನಗಳನ್ನು.

ಮೂತ್ರ ಪರೀಕ್ಷೆಯ ಪದ್ಧತಿ ಬೇರೂರಿದ್ದು ಅಮೆರಿಕದಲ್ಲಿ. 1986ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೇಗನ್ ಕೇಂದ್ರ ಸರ್ಕಾರದ ನೌಕರರ ಪರೀಕ್ಷೆಗೆ ಆದೇಶ ಹೊರಡಿಸಿದರು. 1987ರ ಜನವರಿಯಲ್ಲಿ ಮೇರಿಲ್ಯಾಂಡಿನ ಚೇಸ್ ಬಳಿ ರೈಲು ಅಪಘಾತವಾಗಿ 16 ಜನ ಸತ್ತರು; ಎಂಜಿನ್ ಸಿಬ್ಬಂದಿ ಗಾಂಜಾ ಸೇದಿದ್ದರು. 1989ರ ಮಾರ್ಚ್ 21ರಂದು ಅಲ್ಲಿನ ಸುಪ್ರೀಂ ಕೋರ್ಟ್ ರೈಲ್ವೆ ಮತ್ತು ಕಸ್ಟಮ್ಸ್ ನೌಕರರ ಪರೀಕ್ಷೆ ಎರಡನ್ನೂ ಎತ್ತಿಹಿಡಿಯಿತು. ರೈಲ್ವೆ ಪ್ರಕರಣದಲ್ಲಿ ಬಹುಮತದ ಜೊತೆಗಿದ್ದ ನ್ಯಾಯಮೂರ್ತಿ ಸ್ಕಾಲಿಯಾ ಕಸ್ಟಮ್ಸ್ ಪ್ರಕರಣದಲ್ಲಿ ಭಿನ್ನಮತ ಬರೆದರು: ಅಲ್ಲಿ ಅಪಾಯಕ್ಕೆ ಪುರಾವೆಯೇ ಇರಲಿಲ್ಲ. ಇಡೀ ವಿವಾದದ ತಿರುಳು ಇದೇ.

ಪರೀಕ್ಷೆಗೂ ಎಡವುವ ಗುಣವಿದೆ. ಗಸಗಸೆ ಪಾಯಸ ಉಂಡವನ ಮೂತ್ರದಲ್ಲೂ ಮಾರ್ಫಿನ್ ಕಾಣಬಹುದು. ಇಂಥ ತಪ್ಪುಗಳಿಗಾಗಿಯೇ ಅಮೆರಿಕ 1998ರಲ್ಲಿ ಅಫೀಮು ಅಂಶದ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಮಿನಿಂದ 2,000ಕ್ಕೆ ಏರಿಸಿತು. ಗಾಂಜಾದ ಕುರುಹು, ನಿತ್ಯ ಸೇದುವವರಲ್ಲಿ, ಅಮಲಿಳಿದು ವಾರಗಳಾದರೂ ಉಳಿಯುತ್ತದೆ. ಹೋಳಿಯ ಭಂಗಿಯದ್ದೂ ಅದೇ ಕುರುಹು. ಆದರೆ ನಮ್ಮ 1985ರ ಮಾದಕವಸ್ತು ಕಾಯ್ದೆಯ ಗಾಂಜಾ ವ್ಯಾಖ್ಯೆಯಲ್ಲಿ ಬರಿಯ ಎಲೆ ಸೇರುವುದಿಲ್ಲ.

ಭಾರತದಲ್ಲಿ ಸ್ಪಷ್ಟ ನಿಯಮ ಬಂದದ್ದು ವಿಮಾನಯಾನಕ್ಕೆ. 2022ರ ಜನವರಿ 31ರಿಂದ ವಿಮಾನ ಸಿಬ್ಬಂದಿ ಮತ್ತು ವಾಯು ಸಂಚಾರ ನಿಯಂತ್ರಕರಲ್ಲಿ ವರ್ಷಕ್ಕೆ ಕನಿಷ್ಠ 10% ಮಂದಿಯನ್ನು ಮುನ್ಸೂಚನೆಯಿಲ್ಲದೆ ಆರಿಸಿ ಪರೀಕ್ಷಿಸಬೇಕು. ಮೊದಲ ವರದಿ ಸಾಲದು, ದೃಢೀಕರಣ ಪರೀಕ್ಷೆಯೂ ಆಗಬೇಕು. 2025ರ ಡಿಸೆಂಬರಿನಲ್ಲಿ ಹಾರಾಟ ಆರಂಭವಾದ ನವಿ ಮುಂಬಯಿ ವಿಮಾನ ನಿಲ್ದಾಣಕ್ಕೂ ಇದೇ ನಿಯಮ.

ಥಾಣೆಯ ವಾಗ್ಳೆ ಎಸ್ಟೇಟ್, ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳು, ಬೇಲಾಪುರ ರಸ್ತೆಯ ಕಂಪನಿಗಳ ನೌಕರರಿಗೆ ಅಂಥ ಪ್ರತ್ಯೇಕ ಕಾನೂನಿಲ್ಲ. ನೇಮಕಾತಿ ಪತ್ರದ ಒಂದು ಸಾಲಿಗೆ ಹಾಕಿದ ಸಹಿಯೇ ಒಪ್ಪಿಗೆಯಾಗುತ್ತದೆ. ಗುತ್ತಿಗೆ ಕಾರ್ಮಿಕ ಒಲ್ಲೆನೆಂದರೆ ನಾಳೆಯ ಕೂಲಿ ಇಲ್ಲ. ಅದನ್ನು ಒಪ್ಪಿಗೆ ಎನ್ನುವುದು ಅನ್ಯಾಯ.

ಅವರಿಗೆ ಆಸರೆ ಕೋರ್ಟು. 1997ರಲ್ಲಿ ಬಾಂಬೆ ಹೈಕೋರ್ಟ್, ದುಡಿಯಲು ಶಕ್ತನಾದವನನ್ನು ಎಚ್‌ಐವಿ ಇದೆಯೆಂಬ ಒಂದೇ ಕಾರಣಕ್ಕೆ ಕೆಲಸದಿಂದ ದೂರವಿಡುವುದು ಸಂವಿಧಾನಬಾಹಿರ ಎಂದಿತು. ಅರ್ಜಿದಾರ ದಿನಗೂಲಿ ಕಾರ್ಮಿಕನ ಹೆಸರು ತೀರ್ಪಿನಲ್ಲಿ ಬರಿಯ 'ಎಂಎಕ್ಸ್'. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಒತ್ತಾಯದ ಮಂಪರು ಪರೀಕ್ಷೆಯನ್ನು ತಡೆಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕಾಯಿತು.

ಕಾರ್ಮಿಕನ ಪರವಾಗಿ ಅವನ ದೇಹ ಪರೀಕ್ಷಿಸಿದ ಕಾನೂನೂ ಇತ್ತು. ಭೋಪಾಲ್ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಸೇರಿಸಿದ 41-ಸಿ ಕಲಮಿನಂತೆ ಅಪಾಯಕಾರಿ ರಾಸಾಯನಿಕಗಳ ನಡುವೆ ದುಡಿಯುವವರ ಆರೋಗ್ಯವನ್ನು 12 ತಿಂಗಳಿಗೊಮ್ಮೆಯಾದರೂ ತಪಾಸಿಸಬೇಕಿತ್ತು, ಆ ದಾಖಲೆ ನೋಡಲು ಕಾರ್ಮಿಕನಿಗೆ ಸಿಗಬೇಕಿತ್ತು.