ಮಾರಿಕಣಿವೆಯ ತೆಪ್ಪ: ಚರ್ಮದಿಂದ ಫೈಬರ್‌ವರೆಗೆ

ಐಮಂಗಲದವನೊಬ್ಬ ದೋಣಿಯ ಬಗ್ಗೆ ಬರೆಯುತ್ತೇನೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಚಿತ್ರದುರ್ಗ–ಹಿರಿಯೂರು ನಡುವಿನ ಹೆದ್ದಾರಿ ಬದಿಯ ಊರು ನಮ್ಮದು. ಶೇಂಗಾ, ಈರುಳ್ಳಿ ಬೆಳೆಯುವ ನೆಲ. ಇಲ್ಲಿ ಇಬ್ಬರು ರೈತರು ಎದುರಾದರೆ ಕುಶಲ ವಿಚಾರಿಸುವ ಬದಲು ಬೋರ್‌ವೆಲ್ ಎಷ್ಟು ಅಡಿ ಹೋಯಿತು ಎಂದು ಕೇಳುತ್ತಾರೆ. ಆದರೆ ಇದೇ ತಾಲ್ಲೂಕಿನಲ್ಲಿ, ಹಿರಿಯೂರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ, ವಾಣಿ ವಿಲಾಸ ಸಾಗರವಿದೆ. ನಾವೆಲ್ಲ ಮಾರಿಕಣಿವೆ ಎನ್ನುವ ಈ ಜಲಾಶಯದ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಹರಡುತ್ತದೆ. ನೀರಿದ್ದ ಮೇಲೆ ಮೀನು, ಮೀನಿದ್ದ ಮೇಲೆ ಬಲೆ, ಬಲೆ ಬಿಡಲು ತೆಪ್ಪ. ಬರದ ಸೀಮೆಯ ಆ ತೆಪ್ಪಕ್ಕೂ ಒಂದು ಇತಿಹಾಸವಿದೆ. ಆ ಇತಿಹಾಸ ಗೊತ್ತಿದ್ದರೆ ಸೀಳು ಬಿಟ್ಟ ಹಳೆಯ ಫೈಬರ್ ತೆಪ್ಪವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಮೊದಲು ನೀರಿನ ಕಥೆ. ವೇದಾವತಿ ನದಿ ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಹಾದುಹೋಗುವ ಜಾಗದಲ್ಲಿ ಮೈಸೂರು ಸಂಸ್ಥಾನ 1897ರಲ್ಲಿ ಅಣೆಕಟ್ಟೆಯ ಕೆಲಸ ಶುರುಮಾಡಿತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರಾದ್ದರಿಂದ ತಾಯಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿ ರಾಜ್ಯ ನಡೆಸುತ್ತಿದ್ದರು. ವಾಣಿ ವಿಲಾಸ ಎಂಬ ಹೆಸರು ಬಂದದ್ದು ಅವರ ಬಿರುದಿನಿಂದ. ಕೆಲಸ ಮುಗಿದದ್ದು 1907ರಲ್ಲಿ. ಪೂರ್ಣ ಮಟ್ಟ 130 ಅಡಿ, ಸಂಗ್ರಹ ಸುಮಾರು 30 ಟಿಎಂಸಿ ಅಡಿ.

ಕಟ್ಟಿದ್ದು ದೊಡ್ಡ ಜಲಾಶಯ, ಬೀಳುವುದು ಸಣ್ಣ ಮಳೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಆ ನಡುವೆ ಮೂರು ತಲೆಮಾರು ಕೋಡಿಯ ನೀರು ನೋಡದೆಯೇ ಬಾಳಿದವು. ಕಳೆದ ದಶಕದ ಕೊನೆಯ ಬರಗಾಲದಲ್ಲಿ ನೀರು ಡೆಡ್ ಸ್ಟೋರೇಜ್ ಹತ್ತಿರಕ್ಕೆ ಇಳಿದಿತ್ತು. ಆಮೇಲೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ವೇದಾವತಿಗೆ ಸೇರತೊಡಗಿತು, ಒಳ್ಳೆಯ ಮಳೆಯೂ ಆಯಿತು. 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಹರಿಯಿತು.

ಮೀನುಗಾರನ ಕಣ್ಣಿನಿಂದ ಈ ಇಸವಿಗಳನ್ನು ಓದಿದರೆ ಬೇರೆ ಅರ್ಥ ಬರುತ್ತದೆ. ಕರಾವಳಿಯ ದೋಣಿ ಮಳೆಗಾಲದಲ್ಲಿ ಕೆಲವು ವಾರ ದಡದಲ್ಲಿರುತ್ತದೆ. ನಮ್ಮ ಸೀಮೆಯ ತೆಪ್ಪ ಬರ ಬಂದರೆ ವರ್ಷಗಟ್ಟಲೆ ದಡದಲ್ಲಿ ಕೂರಬೇಕಾಗುತ್ತದೆ. ಕೆರೆಗಳಲ್ಲಂತೂ ಇದು ಇನ್ನೂ ಹೆಚ್ಚು. ಹಾಗಾಗಿ ಇಲ್ಲಿ ತೆಪ್ಪವನ್ನು ಹಾಳು ಮಾಡುವುದರಲ್ಲಿ ನೀರಿಗಿಂತ ಬಿಸಿಲಿನ ಪಾಲು ದೊಡ್ಡದು.

ಇನ್ನು ತೆಪ್ಪದ ಕಥೆ. ತೆಪ್ಪ, ಹರಿಗೋಲು, ಪುಟ್ಟಿ ಎಂದು ಊರಿಗೊಂದು ಹೆಸರಿರುವ ಈ ಬುಟ್ಟಿಯಾಕಾರದ ದೋಣಿ ತುಂಬಾ ಹಳೆಯದು. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಗುಂಡನೆಯ ಚರ್ಮದ ದೋಣಿಗಳ ಬಗ್ಗೆ ಬರೆದಿದ್ದಾನೆ. ಸರಕು ಮಾರಿದ ಮೇಲೆ ಒಳಗಿನ ಕಡ್ಡಿಯ ಚೌಕಟ್ಟನ್ನೂ ಅಲ್ಲೇ ಮಾರಿ, ಚರ್ಮವನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ವಾಪಸಾಗುತ್ತಿದ್ದರಂತೆ. ಯಾವುದು ದುಬಾರಿ, ಯಾವುದು ಮತ್ತೆ ಸಿಗುತ್ತದೆ ಎಂಬ ಲೆಕ್ಕ ಆಗಲೇ ಇತ್ತು.

ನಮ್ಮ ನಾಡಿನ ದಾಖಲೆ ಬೇಕೆಂದರೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ವಿಜಯನಗರಕ್ಕೆ ಬಂದವನು ಅವನು. ಆನೆಗೊಂದಿಗೆ ಹೊಳೆ ದಾಟಿಸುತ್ತಿದ್ದ ಬುಟ್ಟಿ ದೋಣಿಗಳನ್ನು ಅವನು ವಿವರಿಸಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, 15–20 ಜನ ಕೂರುವಷ್ಟು ಜಾಗ. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರು. ಹುಟ್ಟು ಹಾಕಿದಂತೆಲ್ಲ ದೋಣಿ ಸುತ್ತುತ್ತಲೇ ಮುಂದೆ ಹೋಗುತ್ತಿತ್ತು ಎಂಬುದನ್ನೂ ಅವನು ಬಿಟ್ಟಿಲ್ಲ. ಇವತ್ತು ಹಂಪಿಗೆ ಹೋದವರಿಗೂ ಅದೇ ಅನುಭವ ಆಗುತ್ತದೆ.

ಆ ತೆಪ್ಪದ ಗುಟ್ಟು ಇಷ್ಟೇ. ಬಲ ಬಿದಿರಿನ ದಬ್ಬೆಯ ಹೆಣಿಗೆಯಲ್ಲಿ, ನೀರು ತಡೆಯುವ ಗುಣ ಹೊದಿಕೆಯಲ್ಲಿ. ಎರಡೂ ಬೇರೆ ಬೇರೆ. ಹೊದಿಕೆ ಹಾಳಾದರೆ ಹೊದಿಕೆ ಬದಲಿಸಿದರಾಯಿತು, ದಬ್ಬೆ ಮುರಿದರೆ ಆ ದಬ್ಬೆ. ಚರ್ಮ ದುಬಾರಿಯಾದ ಕಾಲಕ್ಕೆ ಪ್ಲಾಸ್ಟಿಕ್ ಹಾಳೆ, ಚೀಲ ಹೊಲಿದು ಮೇಲೆ ಡಾಂಬರು ಬಳಿಯುವ ಪದ್ಧತಿ ಬಂತು. ಸೋರಿದರೆ ಮತ್ತೊಂದು ಕೈ ಡಾಂಬರು. ರಿಪೇರಿ ಎಂಬುದು ಆ ತೆಪ್ಪ ಕಟ್ಟುವ ವಿಧಾನದಲ್ಲೇ ಸೇರಿತ್ತು.

ಫೈಬರ್ ಬಂದದ್ದು ಬೇರೆ ದಾರಿಯಿಂದ. 1930ರ ದಶಕದಲ್ಲಿ ಅಮೆರಿಕದ ಗಾಜಿನ ಕಾರ್ಖಾನೆಗಳು ಗಾಜನ್ನು ನೂಲಿನಂಥ ನಾರಾಗಿ ಎಳೆಯುವುದನ್ನು ಕಲಿತವು. ಅದೇ ಹೊತ್ತಿಗೆ ಪಾಲಿಯೆಸ್ಟರ್ ರೆಸಿನ್ ಕೂಡ ಸಿದ್ಧವಾಯಿತು. 1942ರಲ್ಲಿ ಒಹಾಯೊ ರಾಜ್ಯದ ಟೊಲಿಡೊ ನಗರದಲ್ಲಿ ರೇ ಗ್ರೀನ್ ಎಂಬುವರು ಎರಡನ್ನೂ ಸೇರಿಸಿ ಒಂದು ಸಣ್ಣ ದೋಣಿ ಮಾಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ವಿದ್ಯೆ ಜಗತ್ತಿನ ದೋಣಿ ಕಟ್ಟೆಗಳಿಗೆಲ್ಲ ಹಬ್ಬಿತು. 1979ರಲ್ಲಿ ಶುರುವಾದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಂಗಾಳ ಕೊಲ್ಲಿ ಕಾರ್ಯಕ್ರಮ ನಮ್ಮ ಪೂರ್ವ ಕರಾವಳಿಯಲ್ಲಿ ಫೈಬರ್ ದೋಣಿಗಳ ಪ್ರಯೋಗ ನಡೆಸಿತು. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಪರಿಹಾರವಾಗಿ ಹಂಚಿದ್ದರಲ್ಲಿ ಬಹುಪಾಲು ಫೈಬರ್ ದೋಣಿಗಳೇ. ಒಳನಾಡಿಗೆ ಅದು ಗುಂಡನೆಯ ತೆಪ್ಪದ ರೂಪದಲ್ಲೇ ಬಂತು. ಆಕಾರ ಪಾಯೆಸ್ ಕಂಡದ್ದು, ವಸ್ತು ಟೊಲಿಡೊದ್ದು. ರಾಜ್ಯದ ಮೀನುಗಾರಿಕೆ ಇಲಾಖೆಯೂ ಒಳನಾಡು ಮೀನುಗಾರರಿಗೆ ಫೈಬರ್ ಹರಿಗೋಲು ಒದಗಿಸುತ್ತಾ ಬಂದಿದೆ.

ಫೈಬರ್‌ನಲ್ಲಿ ಹಳೆಯ ಗುಟ್ಟು ಮಾಯವಾಯಿತು. ಬಲ ಮತ್ತು ಹೊದಿಕೆ ಒಂದೇ ಗೋಡೆಯಾಗಿ ಬೆರೆತವು. ಹಗುರ, ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಆದರೆ ಸೀಳು ಬಿಟ್ಟರೆ ಎಲ್ಲಿ ಬಿಚ್ಚಬೇಕು, ಏನನ್ನು ಬದಲಿಸಬೇಕು ಎಂದು ಬಿದಿರು ಹೆಣೆದ ಕೈಗೆ ತಿಳಿಯುವುದಿಲ್ಲ. ಅದಕ್ಕೇ ಫೈಬರ್ ಒಡೆದರೆ ಮುಗೀತು ಎಂಬ ಮಾತು ಹುಟ್ಟಿದೆ. ಆ ಮಾತು ನಿಜವಲ್ಲ. ಬೆಂದ ಮೊಟ್ಟೆ ಮತ್ತೆ ಹಸಿಯಾಗದ ಹಾಗೆ ಗಟ್ಟಿಯಾದ ರೆಸಿನ್ ಮತ್ತೆ ಕರಗುವುದಿಲ್ಲ, ನಿಜ. ಆದರೆ ಚೆನ್ನಾಗಿ ಉಜ್ಜಿದ ಹಳೆಯ ಪದರದ ಮೇಲೆ ಹೊಸ ಪದರ ಗಟ್ಟಿಯಾಗಿ ಕೂರುತ್ತದೆ.

ಕಡಿಮೆ ಖರ್ಚಿನಲ್ಲಿ ಮಾಡುವ ಕ್ರಮ ಹೀಗೆ. ಮೊದಲು ತೆಪ್ಪವನ್ನು ಮಗುಚಿ, ಒಂದು ರೂಪಾಯಿ ನಾಣ್ಯದಿಂದ ತಳವನ್ನೆಲ್ಲ ತಟ್ಟುತ್ತಾ ಹೋಗಬೇಕು. ಟಣ್ ಎಂದರೆ ಗಟ್ಟಿ. ಸದ್ದು ಮಂಕಾದರೆ ಒಳಗೆ ಪದರ ಬಿಟ್ಟಿದೆ. ಅಂಥ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗುರುತು ತಳದ ಅರ್ಧಕ್ಕಿಂತ ಹೆಚ್ಚು ಹಬ್ಬಿದರೆ ದುಡ್ಡು ಹಾಕಬೇಡಿ. ಅಲ್ಲಲ್ಲಿ ಮಾತ್ರ ಇದ್ದರೆ ಆ ತೆಪ್ಪಕ್ಕೆ ಇನ್ನೂ ಆಯಸ್ಸಿದೆ. ನಾರು ಮೇಲೆದ್ದು ಕಾಣುತ್ತಿದ್ದರೆ ಅದು ಬಿಸಿಲಿಗೆ ಮೇಲಿನ ಬಣ್ಣದ ಪದರ, ಅಂದರೆ ಜೆಲ್‌ಕೋಟ್, ಸವೆದ ಗುರುತು.

ಆಮೇಲೆ ಒಣಗಿಸುವುದು. ಒಳಗೆ ತೇವ ಇದ್ದರೆ ಹೊಸ ಪದರ ನಿಲ್ಲುವುದಿಲ್ಲ. ನಮ್ಮ ಬಿಸಿಲು ನಮಗೆ ನೆರವಾಗುವುದು ಇಲ್ಲಿ ಮಾತ್ರ. ಕೆಟ್ಟ ಭಾಗವನ್ನು ಗ್ರೈಂಡರ್‌ನಿಂದ ಗಟ್ಟಿ ಪದರ ಸಿಗುವವರೆಗೆ ಕೆತ್ತಬೇಕು. ಸೀಳಿನ ಅಂಚನ್ನು ಇಳಿಜಾರಾಗಿ ಉಜ್ಜಬೇಕು: ಗೋಡೆ 5 ಮಿ.ಮೀ. ದಪ್ಪ ಇದ್ದರೆ ಇಳಿಜಾರು ಸುಮಾರು 60 ಮಿ.ಮೀ., ಅಂದರೆ ದಪ್ಪದ 12 ಪಟ್ಟು. ರಿಪೇರಿ ನಿಲ್ಲುವುದು ಈ ಇಳಿಜಾರಿನ ಬಲದಿಂದ. ಅದನ್ನು ಬಿಟ್ಟು ಮೇಲೆ ತೇಪೆ ಹಚ್ಚಿದರೆ ಮುಂದಿನ ಹಂಗಾಮಿಗೆ ಕಿತ್ತು ಬರುತ್ತದೆ. ಹಿಂದೆ ಯಾರಾದರೂ ಎಪಾಕ್ಸಿ ಅಂಟು ಮೆತ್ತಿದ್ದರೆ ಅದನ್ನೂ ಪೂರ್ತಿ ಕೆತ್ತಿ ತೆಗೆಯಿರಿ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ.

ಲೆಕ್ಕ ಕಷ್ಟವಲ್ಲ. 450 ಗ್ರಾಂ ತೂಕದ ಮ್ಯಾಟ್ ಮೂರು ಪದರ ಹಾಕಿದರೆ ಒಂದು ಚದರ ಮೀಟರ್‌ಗೆ 1.35 ಕೆ.ಜಿ. ಮ್ಯಾಟ್ ಬೇಕು. ರೆಸಿನ್ ಅದರ ಎರಡರಿಂದ ಎರಡೂವರೆ ಪಟ್ಟು, ಸುಮಾರು 3 ಕೆ.ಜಿ. ಗಟ್ಟಿಯಾಗಿಸುವ ಹಾರ್ಡ್ನರ್ ಒಂದು ಕೆ.ಜಿ. ರೆಸಿನ್‌ಗೆ ಸಾಮಾನ್ಯವಾಗಿ 10ರಿಂದ 20 ಗ್ರಾಂ. ಹಿರಿಯೂರಿನ ಮಧ್ಯಾಹ್ನದಲ್ಲಿ ಕಲಸಿದರೆ ಬ್ರಷ್ ಮುಟ್ಟುವ ಮೊದಲೇ ಡಬ್ಬದಲ್ಲೇ ಕಲ್ಲಾಗುತ್ತದೆ. ಬೆಳಗಿನ ತಂಪಿನಲ್ಲಿ, ನೆರಳಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಬೇಕು. ಪ್ರತಿ ಪದರದ ಗಾಳಿಗುಳ್ಳೆಯನ್ನು ರೋಲರ್‌ನಿಂದ ಒತ್ತಿ ಹೊರಡಿಸಬೇಕು. ಸಾಮಾನ್ಯ ರೆಸಿನ್‌ನ ಮೇಲ್ಮೈ ಗಾಳಿಗೆ ಅಂಟಂಟಾಗಿಯೇ ಉಳಿಯುತ್ತದೆ. ಆದ್ದರಿಂದ ಕೊನೆಯ ಪದರಕ್ಕೆ ಮೇಣ ಬೆರೆಸಿದ ರೆಸಿನ್ ಹಚ್ಚಿ, ಇಲ್ಲವೇ ಪ್ಲಾಸ್ಟಿಕ್ ಹಾಳೆ ಮುಚ್ಚಿ.

ಉಳಿತಾಯ ಮಾಡಬಾರದ ಜಾಗವೂ ಒಂದಿದೆ. ಕೆಲವು ರೆಸಿನ್‌ಗೆ ಕೋಬಾಲ್ಟ್ ದ್ರಾವಣವನ್ನು ಬೇರೆಯಾಗಿ ಬೆರೆಸಬೇಕಾಗುತ್ತದೆ. ಕೋಬಾಲ್ಟನ್ನೂ ಹಾರ್ಡ್ನರನ್ನೂ ನೇರವಾಗಿ ಯಾವತ್ತೂ ಕೂಡಿಸಬಾರದು. ಬೆಂಕಿ ಹತ್ತಬಹುದು, ಸಿಡಿಯಬಹುದು. ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡ್ನರ್ ಹಾಕಬೇಕು. ಹಾರ್ಡ್ನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು, ಗಾಜಿನ ಧೂಳಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಹತ್ತಿರ ಬೀಡಿ ಹಚ್ಚಬಾರದು.

ಇಷ್ಟೆಲ್ಲ ಯಾಕೆ, ಹೊಸದು ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ 60 ಸಹಾಯಧನವಿದೆ. ಆದರೆ ಉಳಿದ ಪಾಲನ್ನು ಮೀನುಗಾರನೇ ಹೊಂದಿಸಬೇಕು. ಎಸೆದ ಹಳೆಯ ಫೈಬರ್ ಎಲ್ಲಿಗೂ ಹೋಗುವುದಿಲ್ಲ. ಬಿದಿರಿನ ತೆಪ್ಪ ಮಣ್ಣಾಗುತ್ತಿತ್ತು. ಇದು ಮಣ್ಣಾಗದು, ಗುಜರಿಯವರೂ ಕೇಳುವುದಿಲ್ಲ, ಸುಟ್ಟರೆ ಹೊಗೆ ವಿಷ. ಕುಡಿಯುವ ನೀರು ಕೊಡುವ ಜಲಾಶಯದ ದಡದಲ್ಲಿ ಅದು ಪುಡಿಯಾಗುತ್ತಾ ಬಿದ್ದಿರುವುದು ಯಾರಿಗೂ ಒಳ್ಳೆಯದಲ್ಲ.

ಒಬ್ಬನೇ ಒಂದು ತೇಪೆಗಾಗಿ ರೆಸಿನ್, ಗ್ರೈಂಡರ್ ಎಲ್ಲ ಕೊಂಡರೆ ಲೆಕ್ಕ ಸರಿಹೋಗುವುದಿಲ್ಲ. ಮೀನುಗಾರರ ಸಹಕಾರ ಸಂಘ ಒಂದು ಗ್ರೈಂಡರ್, ಒಂದು ಡ್ರಮ್ ರೆಸಿನ್ ತರಿಸಿ, ಹತ್ತು ತೆಪ್ಪ ಒಟ್ಟಿಗೆ ಮಾಡಿದರೆ ಸರಿಹೋಗುತ್ತದೆ. ಇಲಾಖೆ ತೆಪ್ಪ ಹಂಚುವ ದಿನವೇ ಎರಡು ತಾಸು ರಿಪೇರಿ ತರಬೇತಿಯನ್ನೂ ಕೊಟ್ಟರೆ ಕೊಟ್ಟ ವಸ್ತುವಿನ ಆಯಸ್ಸು ಹೆಚ್ಚುತ್ತದೆ.

ಈಗ ನೀರಿದೆ. ಮುಂದೆ ಒಂದು ದಿನ ಮತ್ತೆ ಇಳಿಯುತ್ತದೆ, ಈ ಜಲಾಶಯದ ನೂರು ವರ್ಷದ ಲೆಕ್ಕವೇ ಅದನ್ನು ಹೇಳುತ್ತದೆ. ಆ ದಿನ ತೆಪ್ಪವನ್ನು ಬಯಲಲ್ಲಿ ಬಿಟ್ಟು ಊರು ಬಿಡಬೇಡಿ. ನೆರಳಿಗೆ ಎಳೆದು, ಕಲ್ಲಿನ ಮೇಲೆ ಮಗುಚಿ, ತೆಂಗಿನ ಗರಿ ಹೊದಿಸಿಡಿ. ಆ ಕೆಲಸಕ್ಕೆ ಒಂದು ಪೈಸೆಯೂ ಬೇಡ.