ಗಿಲೀಟಿನ ತಿರುಪು

ಹೊಳೆನರಸೀಪುರದಲ್ಲಿ ನಮ್ಮಪ್ಪನ ಗಿಲೀಟು ಅಂಗಡಿ ಎಂದರೆ ಒಂದು ಜಗಲಿ, ಸೀಮೆಎಣ್ಣೆ ಸ್ಟೌ, ಗಾಜಿನ ಪಾತ್ರೆ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಹಿತ್ತಾಳೆ ಓಲೆ, ಮಾಸಿದ ಸರ ಬರುತ್ತಿದ್ದವು. ಅಂಟುವಾಳದ ನೊರೆಯಲ್ಲಿ ಉಜ್ಜುವುದು ನನ್ನ ಪಾಲು. ದ್ರಾವಣದ ಹತ್ತಿರ ಸುಳಿಯುವಂತಿರಲಿಲ್ಲ. ಅದರಲ್ಲಿ ಚಿನ್ನದ ಜೊತೆ ಸೈನೈಡೂ ಇತ್ತು.

ಕರೆಂಟಿನ ಗಿಲೀಟಿಗೂ ಹಿಂದಿನವರು ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು, ಪಾದರಸವನ್ನು ಬೆಂಕಿಯಲ್ಲಿ ಹಾರಿಸುತ್ತಿದ್ದರು. ಆ ಹೊಗೆ ಕುಡಿದವರ ಗತಿ ಕೇಳುವುದೇ ಬೇಡ. ಇಟಲಿಯ ಬ್ರುನ್ಯಾಟೆಲ್ಲಿ 1805ರಲ್ಲಿ ವೋಲ್ಟಾನ ಬ್ಯಾಟರಿಯಿಂದ ಗಿಲೀಟು ಹಾಕಿದ. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್ನರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ನಮ್ಮ ಮೈಸೂರು ಸೀಮೆಯಲ್ಲೂ ಕರೆಂಟು ಮೊದಲು ಓಡಿದ್ದು ಚಿನ್ನದ ಹಿಂದೆಯೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ತಂತಿ ಎಳೆದರು; ಬೆಂಗಳೂರಿನ ಬೀದಿ ದೀಪಗಳು 1905ರವರೆಗೆ ಕಾಯಬೇಕಾಯಿತು.

ಅಪ್ಪನಿಗೆ ಮೊದಲು ಬ್ಯಾಟರಿ, ಆಮೇಲೆ ಹಾಸನದಿಂದ ತಂದ ರೆಕ್ಟಿಫೈಯರು. ಅದರ ತಿರುಪಿನಲ್ಲೇ ವಿದ್ಯೆಯೆಲ್ಲ. ಹದವಾಗಿ ಬಿಟ್ಟರೆ ಅಪ್ಪಟ ಹಳದಿ. ಒಂದು ಸಲ ತಿರುಪು ಮುಂದೆ ಹೋಯಿತು. ಓಲೆ ನೋಡನೋಡುತ್ತಲೇ ಕೆಂಪಾಗಿ, ಕಂದಾಗಿ, ಮೈಮೇಲೆ ಪುಡಿ ಕಟ್ಟಿಕೊಂಡಿತು.

"ಇದೇನಣ್ಣ, ಕಾಫಿ ಪುಡಿ ಉದುರಿಸಿದ್ದೀಯಾ?" ಎಂದಳು ಓಲೆಯ ಒಡತಿ.

"ಕರೆಂಟು ಜಾಸ್ತಿ ಕುಡಿದ್ಬಿಡ್ತು ಕಣವ್ವ."

ಅಪ್ಪ ಹೇಳಿದ್ದು ಸುಳ್ಳಲ್ಲ. ಅವಸರಕ್ಕೆ ಬಂದ ಚಿನ್ನ ಒತ್ತಾಗಿ ಕೂರದೆ ಸಡಿಲ ಪುಡಿಯಾಗಿ ಗುಪ್ಪೆ ಬೀಳುತ್ತದೆ. ಬೆಳಕು ಅದರ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಫ್ಯಾರಡೆ 1857ರಲ್ಲಿ ತೋರಿಸಿದ್ದೂ ಇಂಥದ್ದೇ: ಚಿನ್ನದ ರೇಕನ್ನು ದೀಪಕ್ಕೆ ಹಿಡಿದರೆ ಹಸಿರು, ಅದೇ ಚಿನ್ನದ ಕಣ್ಣಿಗೆ ಕಾಣದ ಪುಡಿ ನೀರಿನಲ್ಲಿ ತೇಲಿದರೆ ಮಾಣಿಕ್ಯದ ಕೆಂಪು. ಆ ನೀರಿನ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಈಗಲೂ ಇವೆ.

2019ರಲ್ಲಿ ಕೇಂಬ್ರಿಡ್ಜಿನವರು ಅಂಥ ಚಿನ್ನದ ಕಣಗಳಿಗೆ ಪಾಲಿಅನಿಲಿನ್ ಎಂಬ ಪಾಲಿಮರ್ ಹೊದಿಸಿ, ಕನ್ನಡಿಯಂಥ ಹಾಳೆಯ ಮೇಲೆ ಸಿಂಪಡಿಸಿ, ವೋಲ್ಟೇಜು ಬದಲಿಸಿದಂತೆಲ್ಲ ಬಣ್ಣ ಬದಲಾಯಿಸಿದರು. ಅಲ್ಲಿ ಮಾರ್ಪಡುವುದು ಹೊದಿಕೆ, ಚಿನ್ನವಲ್ಲ. ಹಾಗಾಗಿ ತಿರುಪು ಹಿಂದಕ್ಕೆ ತಿರುಗಿಸಿದರೆ ಬಣ್ಣವೂ ಹಿಂದಕ್ಕೆ ಬರುತ್ತದೆ. ಅಪ್ಪನಿಗೆ ಆ ಸೌಕರ್ಯವಿರಲಿಲ್ಲ. ಓಲೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಪುಡಿ ಕೆರೆದು, ಮತ್ತೆ ತಂತಿಗೆ ಕಟ್ಟಿದ. ಕೂಲಿ ಕೇಳಲಿಲ್ಲ. ಕೆರೆದ ಪುಡಿಯನ್ನು ಮಾತ್ರ ಬೀಡಿ ಕಟ್ಟಿನ ಕಾಗದದಲ್ಲಿ ಮಡಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ.